ಸಣ್ಣ ಕೋಲ್ಡ್ ರೂಮ್ ಕಟ್ಟಿ ಬಾಡಿಗೆಗೆ ಕೊಡುವುದು: ಮೊದಲ ಲೆಕ್ಕದಿಂದ ಮೊದಲ ತಿಂಗಳವರೆಗೆ

"10 ಟನ್ ಕೋಲ್ಡ್ ರೂಮ್ ಹಾಕಿಸಲು ಎಷ್ಟು ಖರ್ಚಾಗುತ್ತದೆ?" ಕೋಲಾರ, ಮಾಲೂರು, ಚಿಕ್ಕಬಳ್ಳಾಪುರ, ಹೊಸಕೋಟೆ ಕಡೆಯ ಓದುಗರು ಪದೇಪದೇ ಕೇಳುವ ಪ್ರಶ್ನೆ ಇದು. ಉತ್ತರ ಕೊಡುವ ಮೊದಲು ನಾವು ತಿರುಗಿ ಕೇಳುವುದು ಒಂದನ್ನೇ: ದಿನಕ್ಕೆ ಎಷ್ಟು ಕ್ರೇಟ್ ಬಿಸಿ ಮಾಲು ನಿಮ್ಮ ಬಾಗಿಲೊಳಗೆ ಬರುತ್ತದೆ? ಯಂತ್ರದ ಗಾತ್ರ, ಕರೆಂಟ್ ಬಿಲ್ಲು, ಬಾಡಿಗೆ ದರ ಎಲ್ಲವೂ ಆ ಒಂದು ಸಂಖ್ಯೆಯ ಹಿಂದೆ ಬರುತ್ತವೆ. ಅದು ಗೊತ್ತಿಲ್ಲದೆ ಕೊಟೇಶನ್ ತರಿಸಿದರೆ ಮಾರುವವರು ಹೇಳಿದ್ದೇ ಲೆಕ್ಕವಾಗುತ್ತದೆ.

ಈ ಲೇಖನ 12 ಅಡಿ ಉದ್ದ, 12 ಅಡಿ ಅಗಲ, 9 ಅಡಿ ಎತ್ತರದ ಒಂದೇ ಕೋಣೆಯ ಬಗ್ಗೆ. ಸುತ್ತಲಿನ ರೈತರು ಮತ್ತು ಮಂಡಿ ವ್ಯಾಪಾರಿಗಳ ತರಕಾರಿಯನ್ನು ಎರಡು ದಿನದಿಂದ ಎರಡು ವಾರದವರೆಗೆ ಇಟ್ಟುಕೊಂಡು ಬಾಡಿಗೆ ಪಡೆಯುವ ವ್ಯವಹಾರ. ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿಯನ್ನು ಚೀಲಗಟ್ಟಲೆ ತಿಂಗಳುಗಟ್ಟಲೆ ಇಡುವ ದೊಡ್ಡ ಶೀತಲಗೃಹಗಳ ಲೆಕ್ಕವೇ ಬೇರೆ. ಅಲ್ಲಿ ಮಾಲು ಒಣಗಿದ್ದು, ವರ್ಷಕ್ಕೊಮ್ಮೆ ತುಂಬುತ್ತದೆ. ಇಲ್ಲಿ ಮಾಲು ಹಸಿ, ದಿನವೂ ಬಂದು ಹೋಗುತ್ತದೆ. ಅಲ್ಲಿನ ಅನುಭವವನ್ನು ಇಲ್ಲಿಗೆ ತರಬೇಡಿ.

ಹಂತ 1: ಎರಡು ವಾರ ಮಂಡಿಯಲ್ಲಿ ನಿಂತು ಎಣಿಸಿ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನಿಮ್ಮ ಜಾಗದಿಂದ 8–10 ಕಿ.ಮೀ. ಒಳಗಿನ ಊರುಗಳಿಂದ ಯಾವ ತರಕಾರಿ ಎಷ್ಟು ಹೊರಡುತ್ತದೆ, ಎಷ್ಟು ಗಂಟೆಗೆ ಕೊಯ್ಯುತ್ತಾರೆ, ಹರಾಜಿನಲ್ಲಿ ಉಳಿದದ್ದು ಎಲ್ಲಿಗೆ ಹೋಗುತ್ತದೆ, ಇವತ್ತಿನ ಬೆಲೆಗೂ ಮೂರು ದಿನದ ನಂತರದ ಬೆಲೆಗೂ ಎಷ್ಟು ವ್ಯತ್ಯಾಸ ಎಂದು ದಿನವೂ ಬರೆಯಿರಿ. ಇದನ್ನು ಒಂದೇ ಸಲ ಮಾಡಿ ಬಿಡಬೇಡಿ. ಮಾಲು ಹೆಚ್ಚು ಬರುವ ಕಾಲದಲ್ಲಿ ಒಮ್ಮೆ, ಕಡಿಮೆ ಇರುವ ಕಾಲದಲ್ಲಿ ಒಮ್ಮೆ ಮಾಡಿ.

ಗಿರಾಕಿ ಯಾರು ಎಂದೂ ಇಲ್ಲೇ ತೀರ್ಮಾನವಾಗುತ್ತದೆ. ಹರಾಜು ತಪ್ಪಿದ ಮಾಲನ್ನು ಒಂದು ರಾತ್ರಿ ಇಡಬೇಕಾದ ವ್ಯಾಪಾರಿ, ಹೋಟೆಲುಗಳಿಗೆ ವಾರಕ್ಕೆ ಮೂರು ಸಲ ತರಕಾರಿ ಹಾಕುವವರು, ಮೂರು ನಾಲ್ಕು ದಿನ ಬೆಳೆ ಕೂಡಿಟ್ಟು ಒಂದೇ ಗಾಡಿಯಲ್ಲಿ ಬೆಂಗಳೂರಿಗೆ ಕಳಿಸುವ ರೈತ ಗುಂಪು. ಇವರಲ್ಲಿ ಕನಿಷ್ಠ ಎಂಟು ಹತ್ತು ಮಂದಿ "ಇಟ್ಟರೆ ತರುತ್ತೇವೆ" ಎಂದರೆ ಸಾಲದು. ಯಾವ ಮಾಲು, ವಾರಕ್ಕೆ ಎಷ್ಟು ಕ್ರೇಟ್, ದಿನಕ್ಕೆ ಎಷ್ಟು ಬಾಡಿಗೆ ಕೊಡುತ್ತೀರಿ ಎಂದು ಕೇಳಿ ಬರೆದುಕೊಳ್ಳಿ.

ಒಂದು ಎಚ್ಚರಿಕೆ. ಬೆಲೆ ಬಿದ್ದಾಗ ನೀವೇ ಮಾಲು ಕೊಂಡು ಇಟ್ಟು ಏರಿದಾಗ ಮಾರುವ ಆಸೆ ಎಲ್ಲರಿಗೂ ಬರುತ್ತದೆ. ಮೊದಲ ವರ್ಷ ಅದನ್ನು ಮಾಡಲೇಬೇಡಿ. ಕೋಣೆ ನಿಮ್ಮ ಮಾಲಿನಿಂದಲೇ ತುಂಬಿದ ದಿನ ಬಾಡಿಗೆ ಗಿರಾಕಿ ಬಾಗಿಲಿಂದ ವಾಪಸ್ ಹೋಗುತ್ತಾನೆ, ಮತ್ತೆ ಬರುವುದಿಲ್ಲ.

ಹಂತ 2: ಒಂದೇ ತಾಪಮಾನವನ್ನು ಆರಿಸಿ

ಒಂದು ಕೋಣೆಗೆ ಒಂದೇ ತಾಪಮಾನ. ಹೊಸಬರು ಹೆಚ್ಚಾಗಿ ಕೆಡುವುದು ಇಲ್ಲೇ, ಎಲ್ಲ ತರಕಾರಿಗೂ "ತಣ್ಣಗಿದ್ದರೆ ಸಾಕು" ಎಂದುಕೊಂಡು. ಹಸಿ ಮಾಲು ಮೂರು ಗುಂಪಾಗಿ ಒಡೆಯುತ್ತದೆ.

ಮೊದಲ ಗುಂಪು 2ರಿಂದ 4 ಡಿಗ್ರಿ ಸೆಲ್ಸಿಯಸ್: ಕ್ಯಾರೆಟ್, ಬೀಟ್‌ರೂಟ್, ಎಲೆಕೋಸು, ಹೂಕೋಸು, ಹಸಿ ಬಟಾಣಿ, ಕೊತ್ತಂಬರಿ, ದ್ರಾಕ್ಷಿ, ಗುಲಾಬಿ. ಇವುಗಳಲ್ಲಿ ಬಹುತೇಕ 0 ಡಿಗ್ರಿಯಲ್ಲೇ ಹೆಚ್ಚು ಬಾಳುತ್ತವೆ. ಆದರೆ ಸಣ್ಣ ಕೋಣೆಯಲ್ಲಿ ತಾಪಮಾನ ಒಂದೆರಡು ಡಿಗ್ರಿ ಏರಿಳಿಯುವುದರಿಂದ 0ಕ್ಕೆ ಇಟ್ಟರೆ ಫ್ಯಾನಿನ ಎದುರಿನ ಕ್ರೇಟು ಹೆಪ್ಪುಗಟ್ಟುವ ಅಪಾಯವಿದೆ. 3 ಡಿಗ್ರಿ ಸುರಕ್ಷಿತ.

ಎರಡನೆಯದು 7ರಿಂದ 10 ಡಿಗ್ರಿ: ಬೀನ್ಸ್, ದಪ್ಪ ಮೆಣಸಿನಕಾಯಿ, ಹಸಿಮೆಣಸಿನಕಾಯಿ, ಬೆಂಡೆಕಾಯಿ, ಹಣ್ಣಾದ ಟೊಮೆಟೊ. ಬದನೆ ಮತ್ತು ಸೌತೆಕಾಯಿಗೆ 10ರಿಂದ 12 ಬೇಕು.

ಮೂರನೆಯದು 12ರಿಂದ 14: ಬಾಳೆ, ಮಾವು, ಕಾಯಿ ಟೊಮೆಟೊ, ಶುಂಠಿ.

ಗುಂಪು ತಪ್ಪಿದರೆ ಆಗುವುದು ಚಳಿ ಗಾಯ. ಹೆಪ್ಪುಗಟ್ಟದಿದ್ದರೂ, ತನಗೆ ಒಗ್ಗದ ತಂಪಿನಲ್ಲಿ ಕಾಯಿಯ ಜೀವಕೋಶ ಕೆಡುವುದಕ್ಕೆ ಹೀಗೆನ್ನುತ್ತಾರೆ. ಬೀನ್ಸ್ ಮೇಲೆ ತುಕ್ಕಿನಂಥ ಕಂದು ಕಲೆ, ಸೌತೆಕಾಯಿಯ ಸಿಪ್ಪೆಯಲ್ಲಿ ಗುಳಿ, ಬಾಳೆ ಸಿಪ್ಪೆ ಕಪ್ಪು, ಕಾಯಿ ಟೊಮೆಟೊ ಬಣ್ಣ ತಿರುಗದೆ ಕೊಳೆತು ಹೋಗುವುದು. ಮೋಸವೇನೆಂದರೆ ಕೋಣೆಯೊಳಗೆ ಮಾಲು ಚೆನ್ನಾಗಿಯೇ ಕಾಣುತ್ತದೆ, ಹೊರಗೆ ತೆಗೆದ ಒಂದೆರಡು ದಿನದಲ್ಲಿ ಕಲೆ ಏಳುತ್ತದೆ. ಆಗ ಗಿರಾಕಿ ನಿಮ್ಮನ್ನು ದೂರುತ್ತಾನೆ, ಆ ದೂರು ಸರಿಯೇ.

ಇನ್ನೊಂದು ಶತ್ರು ಎಥಿಲೀನ್. ಹಣ್ಣು ಮಾಗುವಾಗ ತಾನೇ ಬಿಡುವ, ಕಣ್ಣಿಗೆ ಕಾಣದ ಅನಿಲ ಇದು. ಹಣ್ಣಾದ ಟೊಮೆಟೊ, ಬಾಳೆ, ಮಾವು, ಸೇಬು ಇದನ್ನು ಬಿಡುತ್ತವೆ. ಅದು ತಾಗಿದರೆ ಕ್ಯಾರೆಟ್ ಕಹಿಯಾಗುತ್ತದೆ, ಕೊತ್ತಂಬರಿ ಹಳದಿಯಾಗುತ್ತದೆ, ಎಲೆಕೋಸಿನ ಎಲೆ ಉದುರುತ್ತದೆ, ಹೂವು ಬೇಗ ಬಾಡುತ್ತದೆ. "ಎರಡೇ ಕ್ರೇಟ್ ಸೇಬು, ಮೂಲೆಯಲ್ಲಿಡಿ" ಎಂದು ಪರಿಚಯದವರು ಕೇಳಿದರೂ ಬೇಡ ಎನ್ನಿ. ಈರುಳ್ಳಿ, ಬೆಳ್ಳುಳ್ಳಿಯೂ ಬೇಡ: ಅವಕ್ಕೆ ಒಣ ಗಾಳಿ ಬೇಕು, ಜೊತೆಗೆ ವಾಸನೆ ಎಲ್ಲಕ್ಕೂ ಹತ್ತುತ್ತದೆ.

ಮುಂದಿನ ಲೆಕ್ಕವೆಲ್ಲ 3 ಡಿಗ್ರಿಯ ಕ್ಯಾರೆಟ್ ಕೋಣೆಗೆ.

ಹಂತ 3: "10 ಟನ್" ಎಂದರೆ ನಿಜಕ್ಕೂ ಎಷ್ಟು?

ಸರ್ಕಾರಿ ಯೋಜನೆಗಳ ಲೆಕ್ಕದಲ್ಲಿ ಒಂದು ಟನ್ ಸಂಗ್ರಹಕ್ಕೆ 3.4 ಘನ ಮೀಟರ್ ಜಾಗ. 12×12×9 ಅಡಿಯೆಂದರೆ ಸುಮಾರು 36.7 ಘನ ಮೀಟರ್, ಅಂದರೆ ಕಾಗದದ ಮೇಲೆ 10 ಟನ್ನಿಗಿಂತ ಸ್ವಲ್ಪ ಹೆಚ್ಚು.

ಈಗ ಕ್ರೇಟ್ ಇಟ್ಟು ನೋಡಿ. 54×36 ಸೆಂ.ಮೀ. ಅಳತೆಯ ಮಾಮೂಲು ಪ್ಲಾಸ್ಟಿಕ್ ಕ್ರೇಟ್. ನಡುವೆ ಮನುಷ್ಯ ಓಡಾಡಲು 80 ಸೆಂ.ಮೀ. ದಾರಿ, ಗೋಡೆಯಿಂದ 10 ಸೆಂ.ಮೀ. ಬಿಡುವು. ಉಳಿದ ನೆಲದಲ್ಲಿ ಕ್ರೇಟ್ ಪೇರಿಸಿದ ಸುಮಾರು 40 ಕಂಬ ನಿಲ್ಲುತ್ತವೆ. ಒಂದರ ಮೇಲೊಂದು 6 ಕ್ರೇಟ್. ಒಟ್ಟು 240 ಕ್ರೇಟ್, ಕ್ರೇಟಿಗೆ 20 ಕಿಲೋ ಹಿಡಿದರೆ 4.8 ಟನ್. ಕಾಗದದ ಅರ್ಧ.

ಇದರಲ್ಲಿ ಯಾರ ಮೋಸವೂ ಇಲ್ಲ. ದಿನವೂ ಒಳಗೆ ಹೊರಗೆ ಆಗುವ, ಹತ್ತಾರು ಮಂದಿಯ ಮಾಲು ಬೇರೆ ಬೇರೆಯಾಗಿ ಇರಬೇಕಾದ ಕೋಣೆಗೆ ದಾರಿ ಬೇಕೇ ಬೇಕು. ಆದರೆ ನಿಮ್ಮ ಆದಾಯದ ಲೆಕ್ಕ 240 ಕ್ರೇಟಿನ ಮೇಲೆ ನಿಲ್ಲಬೇಕು, 10 ಟನ್ನಿನ ಮೇಲಲ್ಲ. ದಾರಿ ಬಿಡದೆ ತುಂಬಿಸಿದರೆ ಮಧ್ಯದ ಮಾಲು ಮೂರು ದಿನವಾದರೂ ತಣ್ಣಗಾಗದೆ ಒಳಗೊಳಗೇ ಬೇಯುತ್ತದೆ.

ಹಂತ 4: ಶಾಖದ ಲೆಕ್ಕ ಹಾಕಿ, ಆಮೇಲೆ ಯಂತ್ರ

ಇದು ಈ ಇಡೀ ಕೆಲಸದ ಎದೆ. ನಿಧಾನವಾಗಿ ಓದಿ.

ಯಂತ್ರದ ಬಲವನ್ನು ಟಿಆರ್‌ನಲ್ಲಿ (ಟನ್ ಆಫ್ ರೆಫ್ರಿಜರೇಶನ್) ಹೇಳುತ್ತಾರೆ. 1 ಟಿಆರ್ ಎಂದರೆ 3.517 ಕಿಲೋವ್ಯಾಟ್ ಶಾಖವನ್ನು ಹೊರಗೆ ಎತ್ತಿ ಹಾಕುವ ಶಕ್ತಿ. ಸಂಗ್ರಹದ ಟನ್ನಿಗೂ ಇದಕ್ಕೂ ಸಂಬಂಧವಿಲ್ಲ, ಹೆಸರು ಮಾತ್ರ ಒಂದೇ.

ದಿನಕ್ಕೆ 1,000 ಕಿಲೋ ಕ್ಯಾರೆಟ್ (50 ಕ್ರೇಟ್) 28 ಡಿಗ್ರಿಯಲ್ಲಿ ಬಂದು 3 ಡಿಗ್ರಿಗೆ ಇಳಿಯಬೇಕು ಎನ್ನಿ. ಒಂದು ಕಿಲೋ ತರಕಾರಿಯನ್ನು ಒಂದು ಡಿಗ್ರಿ ಇಳಿಸಲು ಸುಮಾರು 3.9 ಕಿಲೋಜೂಲ್ ಶಾಖ ತೆಗೆಯಬೇಕು. 1,000 × 3.9 × 25 = 97,500 ಕಿಲೋಜೂಲ್. 3,600ರಿಂದ ಭಾಗಿಸಿದರೆ 27 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ. ಹೊಲದಿಂದ ಮಾಲು ಹೊತ್ತು ತಂದ ಈ ಬಿಸಿಗೆ ಹೊಲದ ಶಾಖ ಎನ್ನುತ್ತಾರೆ.

ಉಳಿದವು, ದಿನವೊಂದಕ್ಕೆ: ಗೋಡೆ, ಚಾವಣಿ, ನೆಲದ ಮೂಲಕ ಒಳನುಗ್ಗುವುದು 80 ಮಿ.ಮೀ. ಪ್ಯಾನೆಲ್ (ಫೋಮ್ ತುಂಬಿದ ಗೋಡೆ ಹಲಗೆ) ಇದ್ದರೆ ಸುಮಾರು 15 ಯೂನಿಟ್. ತರಕಾರಿ ಉಸಿರಾಡುತ್ತಾ ಬಿಡುವುದು 5. ಒಳಗಿನ ಫ್ಯಾನುಗಳದ್ದು 7. ಬಾಗಿಲು, ದೀಪ, ಆಳುಗಳದ್ದು 12. ಎಲ್ಲ ಸೇರಿ 66 ಯೂನಿಟ್. ಕಂಪ್ರೆಸರ್ 24 ಗಂಟೆಯೂ ಓಡಬಾರದು, ಒಳಗಿನ ತಂಪು ಕೊಳವೆಗಳ ಮೇಲೆ ಕಟ್ಟುವ ಐಸ್ ಕರಗಿಸಲು ಮತ್ತು ಕರೆಂಟ್ ಹೋದ ಹೊತ್ತಿಗೆ ಬಿಡುವು ಬೇಕು. 16 ಗಂಟೆ ಓಟಕ್ಕೆ ಭಾಗಿಸಿ, ಮೇಲೆ 15% ಸೇರಿಸಿದರೆ 4.7 ಕಿಲೋವ್ಯಾಟ್, ಅಂದರೆ 1.35 ಟಿಆರ್. ಹೆಚ್ಚುಕಡಿಮೆ 3 ಎಚ್‌ಪಿ ಕಂಪ್ರೆಸರ್.

ಈಗ ಅದೇ ಕೋಣೆಗೆ ದಿನಕ್ಕೆ 3,000 ಕಿಲೋ ಬಂದರೆ? ಹೊಲದ ಶಾಖವೇ 81 ಯೂನಿಟ್. ಒಟ್ಟು 120. ಬೇಕಾಗುವ ಬಲ 8.6 ಕಿಲೋವ್ಯಾಟ್. ಕೋಣೆ ಒಂದಿಂಚೂ ದೊಡ್ಡದಾಗಿಲ್ಲ, ಯಂತ್ರ ಮಾತ್ರ ಸುಮಾರು ಎರಡು ಪಟ್ಟು. ಹಂತ 1ರ ನೋಟ್‌ಬುಕ್ ಯಾಕೆ ಬೇಕು ಎಂಬುದು ಇಲ್ಲಿ ತಿಳಿಯುತ್ತದೆ. ಕೊಟೇಶನ್ ಕೇಳುವಾಗ "10 ಟನ್ ರೂಮ್" ಎನ್ನಬೇಡಿ. "12×12×9 ಅಡಿ, ಒಳಗೆ 3 ಡಿಗ್ರಿ, ಹೊರಗೆ 40 ಡಿಗ್ರಿ, ದಿನಕ್ಕೆ 1,000 ಕಿಲೋ 28 ಡಿಗ್ರಿಯ ಮಾಲು, 16 ಗಂಟೆ ಓಟ" ಎಂದು ಬರೆದು ಕೊಡಿ. ಲೆಕ್ಕದ ಹಾಳೆ ಕೊಡದವರಿಂದ ಕೊಳ್ಳಬೇಡಿ.

ಹೊಲದ ಶಾಖವನ್ನು ದುಡ್ಡಿಲ್ಲದೆ ಇಳಿಸುವ ದಾರಿಯೂ ಇದೆ. ಬೆಳಿಗ್ಗೆ 8ರೊಳಗೆ ಕೊಯ್ದು ನೆರಳಿನಲ್ಲಿಟ್ಟು ತಂದ ಮಾಲು 22 ಡಿಗ್ರಿಯಲ್ಲಿರಬಹುದು. ಮಧ್ಯಾಹ್ನ ಟಾರ್ಪಲಿನ್ ಕೆಳಗೆ ಬಂದದ್ದು 34 ಮುಟ್ಟಿರುತ್ತದೆ. ಬೆಳಗಿನ ಮಾಲಿಗೆ ಪ್ರವೇಶ ಶುಲ್ಕ ಕಡಿಮೆ ಮಾಡಿ, ರೈತರು ತಾವಾಗಿಯೇ ಬೇಗ ತರುತ್ತಾರೆ.

ಹಂತ 5: ಜಾಗ ಮತ್ತು ಕರೆಂಟ್

ಜಾಗ ರಸ್ತೆ ಬದಿಯಲ್ಲಿರಲಿ, ಪಿಕಪ್ ಗಾಡಿ ತಿರುಗುವಷ್ಟು ಅಂಗಳವಿರಲಿ. ನೆಲ ಸುತ್ತಲಿಗಿಂತ ಒಂದೂವರೆ ಅಡಿ ಎತ್ತರ. ಕೋಣೆಯ ಮೇಲೆ ಪ್ರತ್ಯೇಕ ಶೀಟ್ ಚಾವಣಿ, ಪ್ಯಾನೆಲ್‌ಗೂ ಶೀಟ್‌ಗೂ ಕನಿಷ್ಠ 2 ಅಡಿ ಗಾಳಿ ಆಡಬೇಕು. ಬಿಸಿಲು ನೇರ ಪ್ಯಾನೆಲ್ ಮೇಲೆ ಬಿದ್ದರೆ ಮೇಲಿನ ಲೆಕ್ಕವೆಲ್ಲ ತಪ್ಪುತ್ತದೆ.

ಕರೆಂಟ್ ವಿಷಯದಲ್ಲಿ ಎರಡು ದೊಡ್ಡ ಗುಂಡಿಗಳಿವೆ. ಒಂದು: ನಿಮ್ಮ ಜಾಗಕ್ಕೆ ಬರುವ ಲೈನ್ ಪಂಪ್‌ಸೆಟ್ ಫೀಡರ್‌ನದ್ದಾದರೆ ಮೂರು ಫೇಸ್ ದಿನಕ್ಕೆ ಕೆಲವೇ ಗಂಟೆ ಸಿಗುತ್ತದೆ. ಅಲ್ಲಿ ಕೋಲ್ಡ್ ರೂಮ್ ನಡೆಯುವುದಿಲ್ಲ. ನಿರಂತರ ಜ್ಯೋತಿಯಂಥ ಊರಿನ ಫೀಡರ್‌ನಿಂದ ಸಂಪರ್ಕ ಸಿಗುತ್ತದೆಯೇ, ಎಷ್ಟು ಕಂಬ ಹಾಕಬೇಕು, ಅದರ ಖರ್ಚು ಯಾರದ್ದು ಎಂದು ಉಪವಿಭಾಗದ ಕಚೇರಿಯಲ್ಲಿ ಕೇಳಿ, ಆಮೇಲೆ ಜಾಗ ಖಚಿತ ಮಾಡಿ. ಎರಡು: ಪಂಪ್‌ಸೆಟ್‌ನ ಸಂಪರ್ಕದಿಂದಲೇ ವಯರ್ ಎಳೆಯುವುದು. ಕೊಟ್ಟ ಉದ್ದೇಶ ಬಿಟ್ಟು ಬೇರೆಗೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ದಂಡದ ಬಿಲ್ಲು ಬರುತ್ತದೆ. ಅರ್ಜಿ ಹಾಕುವಾಗ ಯಾವ ದರಪಟ್ಟಿಯಡಿ ಸೇರಿಸುತ್ತಾರೆ, ಕೈಗಾರಿಕೆಯೋ ವಾಣಿಜ್ಯವೋ, ಎಂಬುದನ್ನು ಬರಹದಲ್ಲಿ ಪಡೆಯಿರಿ. ಪ್ರತಿ ತಿಂಗಳ ಬಿಲ್ಲು ಅದರ ಮೇಲೆ ನಿಂತಿದೆ.

ವೋಲ್ಟೇಜ್ ಏರಿಳಿತಕ್ಕೆ ಸರ್ವೋ ಸ್ಟೆಬಿಲೈಸರ್, ಒಂದು ಫೇಸ್ ಹೋದರೆ ಮೋಟಾರನ್ನು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್, ಕರೆಂಟ್ ಬಂದ ಮೇಲೆ 3 ನಿಮಿಷ ತಡೆದು ಕಂಪ್ರೆಸರ್ ಶುರು ಮಾಡುವ ಟೈಮರ್, ಈ ಮೂರನ್ನೂ ಬಿಡಬೇಡಿ. ಹಳ್ಳಿಯಲ್ಲಿ ಕಂಪ್ರೆಸರ್ ಸುಡುವುದು ಹೆಚ್ಚಾಗಿ ಇವು ಇಲ್ಲದೆ. ಜನರೇಟರ್ 10 ಕೆವಿಎ ಇರಲಿ. 3 ಎಚ್‌ಪಿಗೆ 5 ಕೆವಿಎ ಸಾಕೆನಿಸುತ್ತದೆ, ಆದರೆ ಶುರುವಾಗುವ ಗಳಿಗೆಯಲ್ಲಿ ಮೋಟಾರ್ 5–6 ಪಟ್ಟು ಕರೆಂಟ್ ಎಳೆಯುತ್ತದೆ.

ಹಂತ 6: ಕಾಗದ ಪತ್ರ

ಕೃಷಿ ಜಮೀನಿನಲ್ಲಿ ಬೇರೆಯವರ ಮಾಲನ್ನು ಬಾಡಿಗೆಗೆ ಇಡುವುದಾದರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಭೂ ಪರಿವರ್ತನೆ ಬೇಕೇ ಎಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಪಂಚಾಯಿತಿಯಿಂದ ಕಟ್ಟಡ ಅನುಮತಿ ಮತ್ತು ವ್ಯಾಪಾರ ಪರವಾನಗಿ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಪೋರ್ಟಲ್‌ನಲ್ಲಿ ಸಂಗ್ರಹ ವಿಭಾಗದಡಿ ನೋಂದಣಿ ಅಥವಾ ಲೈಸೆನ್ಸ್. ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿ ಉಚಿತ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ಕೃಷಿ ಉತ್ಪನ್ನದ ಸಂಗ್ರಹಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಪನ್ನೀರು, ಐಸ್‌ಕ್ರೀಮ್‌ನಂಥ ಸಂಸ್ಕರಿಸಿದ ಮಾಲಿಗೆ ಈ ವಿನಾಯಿತಿ ಇಲ್ಲ.

ಸಹಾಯಧನ ಬೇಕಿದ್ದರೆ ಒಂದಿಟ್ಟಿಗೆಯನ್ನೂ ಇಡುವ ಮೊದಲು ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಗೆ ಹೋಗಿ. ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್ ಅಡಿ ಕೋಲ್ಡ್ ರೂಮ್‌ಗೆ ನೆರವಿದೆ. ಅದನ್ನು ಯೋಜನೆ ನಿಗದಿ ಮಾಡಿದ ವೆಚ್ಚದ ಮೇಲೆ ಲೆಕ್ಕ ಹಾಕುತ್ತಾರೆ, ನೀವು ಮಾಡಿದ ಖರ್ಚಿನ ಮೇಲಲ್ಲ. 2020ರಲ್ಲಿ ಶುರುವಾದ ಕೃಷಿ ಮೂಲಸೌಕರ್ಯ ನಿಧಿಯಡಿ 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಗರಿಷ್ಠ 7 ವರ್ಷ 3% ಬಡ್ಡಿ ರಿಯಾಯಿತಿಯ ಅವಕಾಶವಿದೆ. ಹೊಸ ಅರ್ಜಿಯ ಗಡುವನ್ನು ಬ್ಯಾಂಕಿನಲ್ಲಿ ಕೇಳಿ. ಸಾಲಕ್ಕೆ ಜೋಡಿಸಿದ ಸಹಾಯಧನ ಕೆಲಸ ಮುಗಿದು ತಪಾಸಣೆಯಾದ ಮೇಲೆ ನೇರ ನಿಮ್ಮ ಸಾಲದ ಖಾತೆಗೆ ಬರುತ್ತದೆ. ಹಾಗಾಗಿ ಆ ಹಣವನ್ನು ನಂಬಿ ಪ್ಯಾನೆಲ್‌ಗೆ ಮುಂಗಡ ಕೊಡಬೇಡಿ. ಮಂಜೂರಾತಿ ಪತ್ರಕ್ಕೆ ಮೊದಲೇ ಕೆಲಸ ಶುರು ಮಾಡಿದವರ ಅರ್ಜಿ ಬಿದ್ದುಹೋಗುವುದು ಸಾಮಾನ್ಯ.

ಹಂತ 7: ಕೋಣೆ ಕಟ್ಟುವಾಗ ಏನನ್ನು ಕೇಳಬೇಕು

ಪಫ್ ಪ್ಯಾನೆಲ್: ಎರಡು ತಗಡಿನ ನಡುವೆ ಗಟ್ಟಿ ಫೋಮ್ ತುಂಬಿದ ಹಲಗೆ. ಗೋಡೆ, ಚಾವಣಿಗೆ 80 ಮಿ.ಮೀ., ಸಾಂದ್ರತೆ ಘನ ಮೀಟರ್‌ಗೆ 40 ಕಿಲೋ. 60 ಮಿ.ಮೀ. ಪ್ಯಾನೆಲ್ ಅಗ್ಗ, ಆದರೆ ಗೋಡೆಯ ಶಾಖ ಮೂರನೇ ಒಂದರಷ್ಟು ಹೆಚ್ಚಿ ಜೀವನವಿಡೀ ಬಿಲ್ಲಿನಲ್ಲಿ ಕಟ್ಟುತ್ತೀರಿ. ಪ್ಯಾನೆಲ್ ಇಳಿಸಿದ ದಿನ ಒಂದು ಚೂರು ಕತ್ತರಿಸಿ, ಅಳೆದು, ತೂಗಿ ಸಾಂದ್ರತೆ ನೋಡಿ.

ನೆಲ: ಕಾಂಕ್ರೀಟ್ ಮೇಲೆ ದಪ್ಪ ಪಾಲಿಥೀನ್ ಎರಡು ಪದರ, ಅದರ ಮೇಲೆ ಪಫ್ ಹಲಗೆ, ಮೇಲೆ ಕಾಂಕ್ರೀಟ್ ಅಥವಾ ಕಡಪ ಕಲ್ಲು. ಪಾಲಿಥೀನ್ ಪದರ ತೇವವನ್ನು ತಡೆಯುತ್ತದೆ. ಅದಿಲ್ಲದಿದ್ದರೆ ನೆಲದ ತೇವ ಫೋಮಿಗೆ ಇಳಿಯುತ್ತದೆ, ಒದ್ದೆ ಫೋಮ್ ಶಾಖ ತಡೆಯುವುದಿಲ್ಲ.

ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿ ಪರದೆ ಇರಲಿ. ಒಳಗಿನಿಂದ ತಳ್ಳಿದರೆ ಬಾಗಿಲು ತೆರೆಯುವ ಹಿಡಿಕೆ ಇರಲೇಬೇಕು, ಜೊತೆಗೆ ಒಳಗೊಂದು ಕರೆಗಂಟೆ. ಒಳಗೆ ಸಿಕ್ಕಿಕೊಂಡವನ ಜೀವದ ಪ್ರಶ್ನೆ ಇದು, ಇಲ್ಲಿ ಉಳಿತಾಯದ ಮಾತೇ ಬೇಡ.

ಒಳಗಿನ ಕಾಯಿಲ್: ಇವಾಪೊರೇಟರ್ ಎಂದು ಕರೆಯುವ, ಫ್ಯಾನ್ ಇರುವ ತಂಪು ಕೊಳವೆ ಪೆಟ್ಟಿಗೆ. ಇದನ್ನು ಕೊಳ್ಳುವಾಗ ಯಾರೂ ಕೇಳದ, ಎಲ್ಲರೂ ಕೇಳಬೇಕಾದ ಪ್ರಶ್ನೆ "ಟಿಡಿ ಎಷ್ಟು?" ಕೋಣೆಯ ಗಾಳಿಗೂ ಕೊಳವೆಯೊಳಗಿನ ಅನಿಲಕ್ಕೂ ಇರುವ ತಾಪಮಾನದ ಅಂತರವೇ ಟಿಡಿ. ಅಂತರ 5–6 ಡಿಗ್ರಿ ಇದ್ದರೆ ಗಾಳಿಯಲ್ಲಿ 90% ತೇವ ಉಳಿಯುತ್ತದೆ. ಚಿಕ್ಕ ಕಾಯಿಲ್ ಹಾಕಿ 10–12 ಡಿಗ್ರಿ ಅಂತರದಲ್ಲಿ ಓಡಿಸಿದರೆ ಕೋಣೆ ತಣ್ಣಗೇನೋ ಆಗುತ್ತದೆ, ಆದರೆ ಗಾಳಿಯ ತೇವವೆಲ್ಲ ಕಾಯಿಲ್ ಮೇಲೆ ಐಸಾಗಿ ಕೂರುತ್ತದೆ, ಕ್ಯಾರೆಟ್ ರಬ್ಬರಿನಂತೆ ಬಾಗುತ್ತದೆ. 100 ಕ್ರೇಟಿನಲ್ಲಿ 5% ತೂಕ ಇಳಿದರೆ 100 ಕಿಲೋ ಗಾಳಿಗೆ ಹೋದಂತೆ. ಅಗ್ಗದ ಕೊಟೇಶನ್ ಅಗ್ಗವಾಗಿರುವುದು ಬಹುಪಾಲು ಈ ಕಾಯಿಲ್ಲಿನಿಂದ.

ಹೊರಗಿನ ಯೂನಿಟ್ಟನ್ನು ನೆರಳಲ್ಲಿಡಿ, ಸುತ್ತ ಒಂದು ಮೀಟರ್ ಬಿಡಿ. ಕಳ್ಳರ ಭಯಕ್ಕೆ ಮುಚ್ಚಿದ ಕೋಣೆಯಲ್ಲಿಟ್ಟರೆ ತಾನು ಬಿಟ್ಟ ಬಿಸಿ ಗಾಳಿಯನ್ನೇ ತಾನು ಎಳೆದುಕೊಳ್ಳುತ್ತದೆ. ಕಬ್ಬಿಣದ ಜಾಲರಿ ಪಂಜರ ಸಾಕು. ಹಳೆಯ ಆರ್-22 ಅನಿಲದ ಯಂತ್ರ ಅಗ್ಗಕ್ಕೆ ಸಿಕ್ಕರೂ ಬೇಡ. ಮಾಂಟ್ರಿಯಲ್ ಒಪ್ಪಂದದಡಿ ಅದನ್ನು ಬಳಕೆಯಿಂದ ತೆಗೆಯಲಾಗುತ್ತಿದೆ, ಮುಂದೆ ಅನಿಲ ತುಂಬಿಸುವುದೇ ಕಷ್ಟ.

ಹಂತ 8: ದುಡ್ಡು ಕೊನೆಗೆ ಕೊಡಿ, ಪರೀಕ್ಷೆ ಮೊದಲು ಮಾಡಿ

ಬಿಲ್ಲಿನ ಕೊನೆಯ 10–15% ಹಣವನ್ನು ಈ ಪರೀಕ್ಷೆಗಳು ಮುಗಿಯುವವರೆಗೆ ತಡೆದಿಡುವ ಮಾತನ್ನು ಆರ್ಡರ್‌ನಲ್ಲೇ ಬರೆಸಿ.

ದೀಪ ಆರಿಸಿ, ಹೊರಗೊಬ್ಬರನ್ನು ನಿಲ್ಲಿಸಿ, ಒಳಗೆ ನಿಂತು ನೋಡಿ. ಬೆಳಕು ತೂರುವ ಜೋಡಣೆಯೆಲ್ಲ ಗಾಳಿ ತೂರುವ ಜೋಡಣೆ. ಬಾಗಿಲ ರಬ್ಬರಿನ ಸುತ್ತ ಊದುಬತ್ತಿ ಹಿಡಿಯಿರಿ, ಹೊಗೆ ಎಲ್ಲಿ ಎಳೆದುಕೊಳ್ಳುತ್ತದೋ ಅಲ್ಲಿ ಸೋರಿಕೆ. ಥರ್ಮಾಮೀಟರನ್ನು ಪುಡಿ ಐಸ್ ಮತ್ತು ನೀರು ಕಲಸಿದ ಲೋಟದಲ್ಲಿ ಅದ್ದಿ, 0 ತೋರಿಸಬೇಕು. ಅರ್ಧ ಡಿಗ್ರಿಗಿಂತ ಹೆಚ್ಚು ತಪ್ಪಿದರೆ ಬದಲಿಸಿ. ಖಾಲಿ ಕೋಣೆಯನ್ನು 24 ಗಂಟೆ 3 ಡಿಗ್ರಿಯಲ್ಲಿ ಓಡಿಸಿ, ಆಮೇಲೆ ಬಂದ್ ಮಾಡಿ, ಗಂಟೆಗೊಮ್ಮೆ ತಾಪಮಾನ ಬರೆದಿಡಿ. ಮುಂದೆ ಏನಾದರೂ ಕೆಟ್ಟಾಗ ಹೋಲಿಸಿ ನೋಡಲು ಈ ಚೀಟಿ ಬೇಕು. ಕೊನೆಗೆ 50 ಕ್ರೇಟ್ ಬಿಸಿ ಮಾಲು ತುಂಬಿಸಿ, ಕ್ಯಾರೆಟ್ಟಿನ ನಡುವಿಗೆ ಚುಚ್ಚು ಥರ್ಮಾಮೀಟರ್ ಚುಚ್ಚಿ, ಮರುದಿನ ಬೆಳಿಗ್ಗೆ ಅದು 5 ಡಿಗ್ರಿಯೊಳಗೆ ಇಳಿದಿದೆಯೇ ನೋಡಿ. ಗಾಳಿಯ ತಾಪಮಾನ ನೋಡಿ ಒಪ್ಪಬೇಡಿ, ಅದು ಅರ್ಧ ಗಂಟೆಯಲ್ಲೇ ಇಳಿಯುತ್ತದೆ.

ಹಂತ 9: ಬಾಡಿಗೆ ಲೆಕ್ಕ

ಕೆಳಗಿನ ಅಂಕಿಗಳು ಮಾದರಿ ಮಾತ್ರ, ನಿಮ್ಮವನ್ನು ತುಂಬಿಕೊಳ್ಳಿ. ದಿನಕ್ಕೆ ಕರೆಂಟ್ 45 ಯೂನಿಟ್, ಯೂನಿಟ್‌ಗೆ 8 ರೂ. ಹಿಡಿದರೆ 360. 8 ಲಕ್ಷ ಸಾಲ, 10% ಬಡ್ಡಿ, 7 ವರ್ಷ ಎಂದರೆ ತಿಂಗಳ ಕಂತು ಸುಮಾರು 13,280, ದಿನಕ್ಕೆ 440. ಆಳಿಗೆ 300, ಡೀಸೆಲ್ 100, ರಿಪೇರಿಗೆ ಎತ್ತಿಡುವುದು 100. ಒಟ್ಟು 1,300.

240 ಕ್ರೇಟೂ ದಿನವೂ ತುಂಬಿದ್ದರೆ ಕ್ರೇಟಿಗೆ ದಿನಕ್ಕೆ 5.40 ರೂ. ಖರ್ಚು. 192 ತುಂಬಿದ್ದರೆ 6.80. ಅರ್ಧವೇ ತುಂಬಿದ್ದರೆ 10.80. ವರ್ಷದ ಸರಾಸರಿ ಅರ್ಧಕ್ಕಿಂತ ಮೇಲೆ ಹೋಗುತ್ತದೆ ಎಂದು ಮೊದಲ ವರ್ಷ ನಂಬಬೇಡಿ. ಬೆಲೆ ಚೆನ್ನಾಗಿರುವ ವಾರ ಯಾರೂ ಮಾಲು ಇಡುವುದಿಲ್ಲ. ಸುಗ್ಗಿಯ ವಾರ ಎಲ್ಲರೂ ಒಟ್ಟಿಗೆ ಬರುತ್ತಾರೆ.

ದರವನ್ನು ಎರಡು ಭಾಗ ಮಾಡಿ: ಒಳಬರುವ ದಿನ ಕ್ರೇಟಿಗೊಂದು ತಂಪು ಮಾಡುವ ಶುಲ್ಕ, ಆಮೇಲೆ ದಿನಬಾಡಿಗೆ. ಯಂತ್ರದ ಬಲವನ್ನು ತಿನ್ನುವುದು ಮೊದಲ ದಿನವೇ ಆದ್ದರಿಂದ ಒಂದೇ ರಾತ್ರಿಗೆ ತರುವವರೂ ಅದನ್ನು ಕೊಡಬೇಕು. ಮತ್ತು ದಿನಕ್ಕೆ 50 ಕ್ರೇಟ್ ಎಂಬ ಮಿತಿಯನ್ನು ಬೋರ್ಡಿನಲ್ಲಿ ಬರೆದು ಹಾಕಿ, ಮೀರಬೇಡಿ. 51ನೇ ಕ್ರೇಟಿನಿಂದ ಒಳಗಿರುವವರ ಮಾಲೂ ಬಿಸಿಯಾಗುತ್ತದೆ.

ಹಂತ 10: ಮಾಲು ಒಳಗೆ, ಮಾಲು ಹೊರಗೆ

ಪ್ರತಿ ಲಾಟಿಗೂ ರಸೀದಿ. ಅದರಲ್ಲಿ ಇರಬೇಕಾದದ್ದು: ಮಾಲು ಯಾವುದು, ಕ್ರೇಟ್ ಸಂಖ್ಯೆ, ತೂಕ, ಚುಚ್ಚು ಥರ್ಮಾಮೀಟರಿನ ತಾಪಮಾನ, ಗುಣ ಹೇಗಿತ್ತು, ಒಪ್ಪಿದ ತೂಕ ಇಳಿಕೆ ಶೇಕಡಾ ಎಷ್ಟು, ಹೆಚ್ಚೆಂದರೆ ಎಷ್ಟು ದಿನ, ಗಡುವು ಮೀರಿದರೆ ಏನು, ದೀರ್ಘ ಕರೆಂಟ್ ಕಡಿತದ ಹೊಣೆ ಯಾರದ್ದು. ಫೋನಿನಲ್ಲಿ ಫೋಟೊ ತೆಗೆದು ಗಿರಾಕಿಗೂ ಕಳಿಸಿ. ನೆರೆಹೊರೆಯವರೆಂದು ರಸೀದಿ ಬಿಟ್ಟ ದಿನವೇ ಜಗಳ ಹುಟ್ಟುತ್ತದೆ.

ಗೋಣಿಚೀಲ ಬೇಡ. ಚೀಲದ ನಡುವಿನ ಕ್ಯಾರೆಟ್ ತಣ್ಣಗಾಗಲು ಒಂದೂವರೆ ದಿನವೂ ಹಿಡಿಯಬಹುದು. ರಂಧ್ರವಿರುವ ಕ್ರೇಟ್ ನೀವೇ ಇಟ್ಟುಕೊಂಡು ಠೇವಣಿಗೆ ಕೊಡಿ. ಸೊಪ್ಪು ಕತ್ತರಿಸಿದ ಕ್ಯಾರೆಟ್ ಮಾತ್ರ ತೆಗೆದುಕೊಳ್ಳಿ, ಎಲೆ ಇದ್ದರೆ ಗೆಡ್ಡೆಯ ನೀರನ್ನು ಎಲೆ ಎಳೆಯುತ್ತದೆ. ತೊಳೆದದ್ದಾದರೆ ನೀರು ಇಳಿದ ಮೇಲೆ ಒಳಗೆ ಬಿಡಿ. ಕೊಳೆ ಹತ್ತಿದ ಒಂದೇ ಕ್ರೇಟ್ ಕಂಡರೂ ಇಡೀ ಲಾಟು ಆರಿಸಿ ತರಲು ಹೇಳಿ. ತಂಪು ಕೊಳೆಯನ್ನು ನಿಧಾನ ಮಾಡುತ್ತದೆ, ವಾಸಿ ಮಾಡುವುದಿಲ್ಲ.

ಕ್ರೇಟ್‌ಗಳು ನೆಲದಿಂದ 10 ಸೆಂ.ಮೀ. ಎತ್ತರದ ಹಲಗೆಯ ಮೇಲೆ, ಚಾವಣಿಗೆ ಅರ್ಧ ಮೀಟರ್ ಬಿಟ್ಟು, ಕಾಯಿಲ್ಲಿನ ಗಾಳಿದಾರಿಗೆ ಅಡ್ಡವಾಗದಂತೆ. ಹೊಸ ಬಿಸಿ ಮಾಲು ಬಾಗಿಲ ಕಡೆಯ ಸಾಲಿನಲ್ಲಿ, ತಣ್ಣಗಾದ ಹಳೆಯದಕ್ಕೆ ತಾಗದೆ ಇರಲಿ. ಹೊರಗೆ ಕಳಿಸುವುದು ಬೆಳಗಿನ ಜಾವ. 3 ಡಿಗ್ರಿಯ ಮಾಲನ್ನು ಮಧ್ಯಾಹ್ನದ ಸೆಕೆಗೆ ತಂದರೆ ಮೇಲೆ ನೀರು ಕಟ್ಟುತ್ತದೆ, ಆ ನೀರಿನಲ್ಲೇ ಕೊಳೆ ಶುರುವಾಗುತ್ತದೆ. ಮಾರುವ ದಿನದ ಲೆಕ್ಕವನ್ನೂ ಗಿರಾಕಿಗೆ ಹೇಳಿ: ಒಮ್ಮೆ ಹೊರಬಂದ ಮಾಲನ್ನು ಮತ್ತೆ ಒಳಗಿಡಬಾರದು.

ವಿಮೆ ಮಾಡಿಸುವಾಗ ಬೆಂಕಿ ವಿಮೆ ಒಂದೇ ಸಾಲದು. ಯಂತ್ರ ಕೆಟ್ಟು ಮಾಲು ಹಾಳಾದರೆ ಕೊಡುವ ದಾಸ್ತಾನು ಕೆಡುವಿಕೆ ವಿಮೆ ಬೇರೆ ಇದೆ. ಅದಕ್ಕೆ ಯಂತ್ರ ವಿಮೆಯೂ ಜೊತೆಗಿರಬೇಕೆಂದು ಕೇಳುತ್ತಾರೆ, ಪ್ರತಿದಿನದ ತಾಪಮಾನದ ದಾಖಲೆಯನ್ನೂ ಕೇಳುತ್ತಾರೆ. ಮೊಬೈಲಿಗೆ ಎಚ್ಚರಿಕೆ ಕಳಿಸುವ ಡೇಟಾ ಲಾಗರ್ ಒಂದನ್ನು ಹಾಕಿಸಿ.

ಮೊದಲ ತಿಂಗಳಲ್ಲಿ ಕಾಣುವ ತೊಂದರೆಗಳು

ಕಾಯಿಲ್ ಪೂರ್ತಿ ಐಸ್ ಗೋಡೆಯಾಗಿದೆ: ಬಾಗಿಲು ತೆರೆದಿಟ್ಟು ಲೋಡ್ ಮಾಡಿದ್ದಾರೆ, ಇಲ್ಲವೇ ಐಸ್ ಕರಗಿಸುವ ಡಿಫ್ರಾಸ್ಟ್ ಸಮಯ ಸಾಲುತ್ತಿಲ್ಲ, ಇಲ್ಲವೇ ನೀರು ಹೋಗುವ ಕೊಳವೆ ಕಟ್ಟಿದೆ. ಐಸನ್ನು ಸ್ಕ್ರೂಡ್ರೈವರಿನಿಂದ ಒಡೆಯಬೇಡಿ, ಕೊಳವೆ ತೂತಾಗಿ ಅನಿಲವೆಲ್ಲ ಹೋಗುತ್ತದೆ. ಯಂತ್ರ ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸಿ, ಅಥವಾ ಮಾಮೂಲು ನೀರು ಸುರಿಯಿರಿ.

ಕಂಪ್ರೆಸರ್ ದಿನಕ್ಕೆ 20 ಗಂಟೆ ಮೀರಿ ಓಡುತ್ತಿದೆ: ಮೊದಲು ರಿಜಿಸ್ಟರ್ ನೋಡಿ, ಮಿತಿ ಮೀರಿ ಮಾಲು ತುಂಬಿರುವುದೇ ಹೆಚ್ಚು. ಅದಲ್ಲದಿದ್ದರೆ ಹೊರಗಿನ ಯೂನಿಟ್ಟಿನ ರೆಕ್ಕೆಗಳಲ್ಲಿ ಧೂಳು ತುಂಬಿದೆಯೇ ನೋಡಿ, ಹದಿನೈದು ದಿನಕ್ಕೊಮ್ಮೆ ಬ್ರಷ್ ಮಾಡಬೇಕು. ಮೂರನೆಯದಾಗಿ ಅನಿಲ ಸೋರಿಕೆ. ಸೋರಿಕೆ ಹುಡುಕದೆ ಅನಿಲವನ್ನಷ್ಟೇ ತುಂಬಿಸುವ ಮೆಕ್ಯಾನಿಕ್ ಮುಂದಿನ ತಿಂಗಳು ಮತ್ತೆ ಬರುತ್ತಾನೆ.

ಪ್ಯಾನೆಲ್ ಜೋಡಣೆಯ ಹೊರಗೆ ಬೆವರು: ಅಲ್ಲಿ ತಂಪು ಸೋರುತ್ತಿದೆ. ಸಿಲಿಕೋನ್ ಸೀಲಂಟ್ ಹೊರಬದಿಯಿಂದ ಹಾಕಿ. ತೇವ ಬರುವುದು ಬಿಸಿ ಕಡೆಯಿಂದ.

ಒಳಗೆ ಹೋದ ಕೂಡಲೇ ಮುಗ್ಗಲು ವಾಸನೆ: ಗಾಳಿ ಬದಲಾಗದೆ ಒಳಗೇ ನಿಂತಿದೆ. ದಿನವೂ ಬೆಳಗಿನ ತಂಪಿನಲ್ಲಿ ಐದು ನಿಮಿಷ ಬಾಗಿಲು ತೆರೆದು ಗಾಳಿ ಬದಲಿಸಿ. ಆದರೂ ಹೋಗದಿದ್ದರೆ ಯಾವುದೋ ಕ್ರೇಟ್ ಕೊಳೆಯುತ್ತಿದೆ, ಸಾಲು ಬಿಚ್ಚಿ ಹುಡುಕಿ. ಕೋಣೆ ಖಾಲಿಯಾದಾಗಲೆಲ್ಲ ಲೀಟರಿಗೆ 200 ಮಿಲಿಗ್ರಾಂ ಕ್ಲೋರಿನ್ ಬರುವಂತೆ ಸೋಡಿಯಂ ಹೈಪೊಕ್ಲೋರೈಟ್ ಬೆರೆಸಿದ ನೀರಿನಿಂದ ನೆಲ, ಗೋಡೆ, ಕ್ರೇಟ್ ಒರೆಸಿ, ಅರ್ಧ ಗಂಟೆ ಬಿಟ್ಟು ಸಾದಾ ನೀರಿನಲ್ಲಿ ತೊಳೆದು, ಒಣಗಿಸಿ, 3 ಡಿಗ್ರಿಗೆ ಇಳಿಸಿದ ಮೇಲೆಯೇ ಮುಂದಿನ ಲಾಟು ಒಳಗೆ ಬಿಡಿ.